ನ್ಯಾಸ್ ಪೆಟ್ಟಿಗೆ ಏಳದಿದ್ದಾಗ ಯಾವ ದಾರಿ ಹಿಡಿಯಬೇಕು?

ಬಾಗಲಕೋಟೆಯ ನವನಗರದ ಒಂದು ಫೋಟೊ ಸ್ಟುಡಿಯೊ. ಏಪ್ರಿಲ್ ಕೊನೆಯ ವಾರ, ಮದುವೆಗಳ ಸುಗ್ಗಿ. ಹಿಂದಿನ ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಬಂದು ಮೂರು ಸಲ ಕರೆಂಟು ಹೋಗಿ ಬಂದಿತ್ತು. ಬೆಳಿಗ್ಗೆ ಎಂಟಕ್ಕೇ ಮಾಲೀಕರ ಫೋನು: "ಮುಂದಿನ ದೀಪ ಮಿಣುಕುತ್ತಲೇ ಇದೆ, ಒಂದು ಫೈಲೂ ತೆರೆಯುತ್ತಿಲ್ಲ. ಹಿಂದಿನ ರೀಸೆಟ್ ಗುಂಡಿ ಒತ್ತಿಬಿಡಲೇ?"

"ಏನನ್ನೂ ಒತ್ತಬೇಡಿ ಕಾಕಾ. ವೈರ್ ಕಳಚಿ ಇಡಿ. ಬರುತ್ತಿದ್ದೇನೆ" ಎಂದೆ.

ಅವರು ಹೇಳಿದ್ದು ಸ್ಟುಡಿಯೊದ ನ್ಯಾಸ್ ಬಗ್ಗೆ, ಅಂದರೆ ನೆಟ್‌ವರ್ಕಿನ ಮೂಲಕ ಫೈಲು ಇಟ್ಟು ತೆಗೆಯುವ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ 4 ಟಿಬಿಯ ಎರಡು ಡಿಸ್ಕ್‌ಗಳಿದ್ದವು, ಒಂದರ ಪಡಿಯಚ್ಚು ಇನ್ನೊಂದು. ಅವುಗಳ ಒಳಗೆ ನಾಲ್ಕು ವರ್ಷದ ಮದುವೆ, ಸೀಮಂತ, ಜವಳಗಳ ಫೋಟೊ. ಅದರ ಜೊತೆಗೆ 'ಹಳೇ ಊರು' ಎಂಬ ಒಂದು ಫೋಲ್ಡರ್. ಆಲಮಟ್ಟಿಯ ಹಿನ್ನೀರು ಏರುವ ಮುನ್ನ ಮಾಲೀಕರ ತಂದೆ ಹಳೆಯ ಬಾಗಲಕೋಟೆಯ ಓಣಿ ಓಣಿ ತಿರುಗಿ ತೆಗೆದ ನೆಗೆಟಿವ್‌ಗಳ ಸ್ಕ್ಯಾನ್ ಪ್ರತಿಗಳು ಅದರಲ್ಲಿದ್ದವು. ಕಿಲ್ಲಾ, ವೆಂಕಟಪೇಟೆ, ಜೈನಪೇಟೆಯ ಮನೆಗಳು, ಹೋಳಿ ಹಬ್ಬದಲ್ಲಿ ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು, ಘಟಪ್ರಭೆಯ ದಂಡೆ. ಮೂಲ ನೆಗೆಟಿವ್‌ಗಳು ತೇವ ಕುಡಿದು ಒಂದಕ್ಕೊಂದು ಅಂಟಿಕೊಂಡು ಎಂದೋ ಹಾಳಾಗಿದ್ದವು. ಮದುವೆಯ ಫೋಟೊ ಕಳೆದರೆ ಗಿರಾಕಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ, ಅದು ದೊಡ್ಡ ಕಷ್ಟವೇ. ಆದರೆ ನೀರಿನಡಿ ಹೋದ ಓಣಿಯ ಫೋಟೊವನ್ನು ಇನ್ನೊಮ್ಮೆ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಅದಕ್ಕಾಗಿಯೇ ಈ ಮಾರ್ಗದರ್ಶಿ. ಏಳದ ನ್ಯಾಸ್ ಎದುರು ಕುಳಿತಾಗ ಏಳೆಂಟು ದಾರಿಗಳು ಕಾಣುತ್ತವೆ: ಅಡಾಪ್ಟರ್ ಬದಲಿಸುವುದು, ರೀಸೆಟ್ ಮಾಡುವುದು, ಅದೇ ಕಂಪನಿಯ ಹೊಸ ಪೆಟ್ಟಿಗೆ ತರುವುದು, ಡಿಸ್ಕ್ ತೆಗೆದು ಲಿನಕ್ಸ್ (ವಿಂಡೋಸಿನಂಥ, ಆದರೆ ಉಚಿತವಾದ ಕಾರ್ಯಾಚರಣೆ ವ್ಯವಸ್ಥೆ) ಇರುವ ಕಂಪ್ಯೂಟರಿಗೆ ಜೋಡಿಸುವುದು, ರಿಕವರಿ ತಂತ್ರಾಂಶ ಕೊಳ್ಳುವುದು, ಬೋರ್ಡ್ ರಿಪೇರಿ ಮಾಡಿಸುವುದು, ಊರಾಚೆಯ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಒಯ್ಯುವುದು. ಜನ ಇವುಗಳನ್ನು ಖರ್ಚಿನ ಲೆಕ್ಕದಲ್ಲಿ ಹೋಲಿಸುತ್ತಾರೆ. ನಾನು ಹೋಲಿಸುವುದು ಬೇರೆ ಅಳತೆಯಲ್ಲಿ: ಈ ಕೆಲಸ ನನ್ನ ಡಿಸ್ಕ್ ಮೇಲೆ ಏನನ್ನಾದರೂ ಬರೆಯುತ್ತದೆಯೇ? ಬರೆಯದ ದಾರಿ ತಪ್ಪಿದರೆ ಹಿಂದಕ್ಕೆ ಬಂದು ಇನ್ನೊಂದನ್ನು ಹಿಡಿಯಬಹುದು. ಬರೆಯುವ ದಾರಿ ತಪ್ಪಿದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಬೇರೆ, ಡೇಟಾ ಬೇರೆ. ನ್ಯಾಸ್ ಎಂದರೆ ಸಣ್ಣದೊಂದು ಕಂಪ್ಯೂಟರ್, ಅದರ ಹೊಟ್ಟೆಯಲ್ಲಿ ಡಿಸ್ಕ್‌ಗಳು. ಕಂಪ್ಯೂಟರ್ ಸತ್ತರೂ ಡಿಸ್ಕ್ ಬದುಕಿರುತ್ತದೆ. "ನ್ಯಾಸ್ ಹೋಯಿತು, ಎಲ್ಲಾ ಹೋಯಿತು" ಎಂದು ಎದೆ ಒಡೆದುಕೊಂಡವರ ಡಿಸ್ಕ್‌ಗಳು ಒಂದು ಗೀರೂ ಇಲ್ಲದೆ ಇದ್ದುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರನ್ನು ನಿಜಕ್ಕೂ ನಷ್ಟಕ್ಕೆ ತಳ್ಳಿದ್ದು ಗಾಬರಿಯಲ್ಲಿ ಒತ್ತಿದ ಗುಂಡಿ.

ಇನ್ನು, ಡೇಟಾದ ಇನ್ನೊಂದು ಪೂರ್ಣ ಪ್ರತಿ ಬೇರೆಡೆ ಇದೆಯೇ? ತೆರೆದು ನೋಡಿ ಖಾತ್ರಿ ಮಾಡಿಕೊಂಡಿದ್ದೀರೇ? ಹಾಗಿದ್ದರೆ ಮುಂದಿನದನ್ನು ಓದುವ ತುರ್ತು ನಿಮಗಿಲ್ಲ. ಪೆಟ್ಟಿಗೆಯನ್ನು ಹೇಗೆ ಬೇಕಾದರೂ ರಿಪೇರಿ ಮಾಡಿಕೊಳ್ಳಿ, ಬ್ಯಾಕಪ್ಪಿನಿಂದ ತುಂಬಿಕೊಳ್ಳಿ. ಆದರೆ ಒಂದೇ ಪೆಟ್ಟಿಗೆಯೊಳಗಿನ ಪಡಿಯಚ್ಚು ಡಿಸ್ಕನ್ನು ಬ್ಯಾಕಪ್ ಎಂದು ಎಣಿಸಬೇಡಿ. ಸಿಡಿಲಿಗೆ ಎರಡೂ ಒಂದೇ.

ಮೊದಲ ಅರ್ಧ ಗಂಟೆ

ಕರೆಂಟು ತೆಗೆದು, ಡಿಸ್ಕ್‌ಗಳನ್ನು ಹೊರಗೆಳೆಯುವ ಮುನ್ನ ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿನಿಂದ ಎಡದಿಂದ 1, 2, 3, 4 ಎಂದು ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೊವನ್ನೂ ತೆಗೆದುಕೊಳ್ಳಿ. ನಾಲ್ಕು ಡಿಸ್ಕ್‌ಗಳ ಕ್ರಮ ಮರೆತು ಬಂದವರ ಕೆಲಸ ಸುಮ್ಮನೆ ಇಮ್ಮಡಿಯಾಗುತ್ತದೆ.

ಬಳಿಕ ಡಿಸ್ಕ್ ಇಲ್ಲದೆ ಖಾಲಿ ಪೆಟ್ಟಿಗೆಯನ್ನು ಚಾಲೂ ಮಾಡಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಿರಪಾಯದ ಪರೀಕ್ಷೆ ಇನ್ನೊಂದಿಲ್ಲ. ಡಿಸ್ಕ್ ಕೈಯಲ್ಲಿರುವಾಗ ಅದರ ಮೇಲೆ ಯಾರು ಏನು ಬರೆದಾರು?

ದೀಪವೇ ಹತ್ತದಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಎರಡು ಡಿಸ್ಕಿನ ಮನೆ ಬಳಕೆಯ ನ್ಯಾಸ್‌ಗಳಲ್ಲಿ ಹೆಚ್ಚಿನವಕ್ಕೆ 12 ವೋಲ್ಟಿನ ಹೊರ ಅಡಾಪ್ಟರ್ ಇರುತ್ತದೆ. ಸಿನಾಲಜಿ ಕಂಪನಿಯ ಡಿಎಸ್220 ಪ್ಲಸ್‌ಗೆ 60 ವಾಟ್, ನಾಲ್ಕು ಡಿಸ್ಕಿನ ಡಿಎಸ್920 ಪ್ಲಸ್‌ಗೆ 100 ವಾಟ್. ಇಲ್ಲಿ ಒಂದು ಮೋಸವಿದೆ. ಬಳಲಿದ ಅಡಾಪ್ಟರನ್ನು ಮಲ್ಟಿಮೀಟರಿಗೆ ಹಿಡಿದರೆ ನೆಟ್ಟಗೆ 12 ವೋಲ್ಟ್ ತೋರಿಸುತ್ತದೆ. ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಮೂರೂವರೆ ಇಂಚಿನ ಒಂದು ಡಿಸ್ಕ್ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡು ಹೆಚ್ಚುಕಡಿಮೆ 2 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಖಾಲಿ ಪೆಟ್ಟಿಗೆ ಏಳುತ್ತದೆ, ಡಿಸ್ಕ್ ಹಾಕಿದೊಡನೆ ಕಣ್ಣು ಮುಚ್ಚುತ್ತದೆ ಎಂದರೆ ಡಿಸ್ಕನ್ನು ಬೈಯುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟೇಜು, ಪಿನ್ನಿನ ಆಕಾರ, ಧ್ರುವ ಮೂರೂ ಹೊಂದಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಕೈಗೆ ಸಿಕ್ಕಿತೆಂದು 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರನ್ನು ಮಾತ್ರ ಚುಚ್ಚಬೇಡಿ.

ಖಾಲಿ ಪೆಟ್ಟಿಗೆ ಸರಿಯಾಗಿ ಎದ್ದು ನೆಟ್‌ವರ್ಕಿನಲ್ಲಿ ಕಾಣಿಸಿಕೊಂಡರೆ ಬೋರ್ಡ್ ಬದುಕಿದೆ, ತೊಂದರೆ ಡಿಸ್ಕಿನಲ್ಲೋ ಅದರ ಮೇಲಿನ ವ್ಯವಸ್ಥೆಯಲ್ಲೋ ಇದೆ. ದೀಪಗಳು ಎಂದಿನಂತೆ ಇದ್ದೂ ನೆಟ್‌ವರ್ಕಿನಲ್ಲಿ ಕಾಣದಿದ್ದರೆ ಬೇರೆ ಕೇಬಲ್, ಸ್ವಿಚ್ಚಿನ ಬೇರೆ ಪೋರ್ಟ್ ಪ್ರಯತ್ನಿಸಿ. ನಮ್ಮ ಕಡೆಯ ಸಿಡಿಲು ಸುಡುವುದು ಹಲವು ಸಲ ನೆಟ್‌ವರ್ಕ್ ಪೋರ್ಟನ್ನಷ್ಟೇ. ಖಾಲಿ ಪೆಟ್ಟಿಗೆಯೂ ಮಿಣುಕುತ್ತಲೇ ಕುಳಿತರೆ ತೊಂದರೆ ಬೋರ್ಡಿನದು. ಆಮೇಲೆ ಹಾಕಿಸಿದ ಹೆಚ್ಚುವರಿ ರ‍್ಯಾಮ್ ಇದ್ದರೆ ಅದನ್ನು ಕಳಚಿ, ನಾಣ್ಯದ ಗಾತ್ರದ ಸಿಆರ್2032 ಬ್ಯಾಟರಿ ಇದ್ದರೆ ಅದನ್ನು ಬದಲಿಸಿ ಇನ್ನೊಮ್ಮೆ ನೋಡಿ. ಅಷ್ಟರ ಮೇಲೂ ಏಳದಿದ್ದರೆ ಮುಂದಿನ ದಾರಿಗಳನ್ನು ಹೋಲಿಸಲು ಕೂರಬೇಕು.

ರೀಸೆಟ್ ಎಂಬ ಆಕರ್ಷಣೆ

ಪುಕ್ಕಟೆ, ಕೈಯಳತೆಯಲ್ಲಿದೆ, ಒಂದು ಪಿನ್ನು ಸಾಕು. ಅದಕ್ಕೇ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಇದನ್ನು ಪೂರ್ತಿ ಬೇಡವೆನ್ನಲಾರೆ, ಆದರೆ ಅದರ ಹೊಟ್ಟೆಯೊಳಗೆ ಏನಾಗುತ್ತದೆಂದು ತಿಳಿದು ಒತ್ತಬೇಕು.

ಸಿನಾಲಜಿ ಪೆಟ್ಟಿಗೆಗಳಲ್ಲಿ ಕಾರ್ಯಾಚರಣೆ ವ್ಯವಸ್ಥೆ ಕೂರುವುದು ಡಿಸ್ಕ್‌ಗಳ ಮೇಲೆಯೇ. ಪ್ರತಿ ಡಿಸ್ಕಿನ ಮೊದಲ ಸಣ್ಣ ವಿಭಾಗದಲ್ಲಿ ಅದರ ಒಂದೊಂದು ಪ್ರತಿ ಇರುತ್ತದೆ, ಎರಡನೆಯದು ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗಕ್ಕೆ) ಮೀಸಲು, ಉಳಿದ ದೊಡ್ಡ ಭಾಗದಲ್ಲಿ ನಿಮ್ಮ ಫೈಲುಗಳು. ಗುಂಡಿಯನ್ನು ನಾಲ್ಕು ಸೆಕೆಂಡು ಒತ್ತಿ ಒಂದು ಬೀಪ್ ಕೇಳಿ ಬಿಟ್ಟರೆ ಆಡಳಿತಗಾರನ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಹೊಂದಿಕೆ ಮಾತ್ರ ಮೂಲಕ್ಕೆ ಮರಳುತ್ತವೆ. ಬಿಟ್ಟ ಕೂಡಲೇ ಮತ್ತೆ ನಾಲ್ಕು ಸೆಕೆಂಡು ಒತ್ತಿ ಮೂರು ಬೀಪ್ ಕೇಳಿದರೆ ವ್ಯವಸ್ಥೆಯನ್ನು ಹೊಸದಾಗಿ ಹಾಕುವ ಸ್ಥಿತಿಗೆ ಬರುತ್ತದೆ. ಅಲ್ಲಿಯೂ ಮೂರನೆಯ ವಿಭಾಗದ ಫೈಲುಗಳು ಉಳಿಯುತ್ತವೆ. ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಲ್ಲಿ ವ್ಯವಸ್ಥೆಯ ಮೂಲ ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ. ಮೂರು ಸೆಕೆಂಡಿನ ಒತ್ತು ಪಾಸ್‌ವರ್ಡಿಗೆ, ಹತ್ತು ಸೆಕೆಂಡಿನದು ಇನ್ನಷ್ಟು ಹೊಂದಿಕೆಗಳಿಗೆ. ಬೇರೆ ಕಂಪನಿಯವಕ್ಕೆ ಬೇರೆ ಲೆಕ್ಕ. ಒಬ್ಬರ ಪೆಟ್ಟಿಗೆಯ ಸೆಕೆಂಡುಗಳನ್ನು ಇನ್ನೊಬ್ಬರ ಪೆಟ್ಟಿಗೆಗೆ ಹಚ್ಚಬಾರದು, ನಿಮ್ಮ ಮಾದರಿಯ ಕೈಪಿಡಿಯನ್ನೇ ನೋಡಿ.

ಹಾಗಾದರೆ ರೀಸೆಟ್ ಯಾರಿಗೆ? ಅಪ್‌ಡೇಟ್ ನಡುವೆ ಕರೆಂಟು ಹೋಗಿ ವ್ಯವಸ್ಥೆ ಅರೆಬರೆಯಾದವರಿಗೆ. ಖಾಲಿ ಪೆಟ್ಟಿಗೆ ಸಲೀಸಾಗಿ ಏಳುವವರಿಗೆ. ಡಿಸ್ಕ್‌ಗಳು ಗಟ್ಟಿಯಾಗಿವೆ ಎಂದು ಗೊತ್ತಿದ್ದವರಿಗೆ. ಅವರಿಗೆ ಇದು ಒಂದು ಗಂಟೆಯ ಕೆಲಸ. ಬೋರ್ಡೇ ಸತ್ತಿದ್ದರೆ ರೀಸೆಟ್ ವ್ಯರ್ಥ. ಡಿಸ್ಕ್ ಬಳಲಿದ್ದರೆ ರೀಸೆಟ್ ಅಪಾಯ, ಏಕೆಂದರೆ ಅದು ಎಲ್ಲ ಡಿಸ್ಕ್‌ಗಳ ಮೇಲೂ ಬರೆಯುತ್ತದೆ. ಮರುಸ್ಥಾಪನೆಯ ಪರದೆಯಲ್ಲಿ "ಡಿಸ್ಕಿನ ಎಲ್ಲ ಡೇಟಾ ಅಳಿಸಿಹೋಗುತ್ತದೆ" ಎಂಬ ಎಚ್ಚರಿಕೆಯ ಚೌಕಕ್ಕೆ ಟಿಕ್ ಹಾಕಲು ಕೇಳಿದರೆ ಅಲ್ಲಿಗೇ ನಿಲ್ಲಿಸಿ. "ಡೇಟಾ ಉಳಿಸಿಕೊಂಡು ಮುಂದುವರಿಸು" ಎಂಬ ಆಯ್ಕೆ ಕಂಡಾಗ ಮಾತ್ರ ಮುಂದೆ ಹೋಗಿ. ಆ ಒಂದು ಟಿಕ್ಕಿನ ಮುಂದೆ ಐದು ನಿಮಿಷ ಕೈ ಹಿಡಿದರೆ ಯಾರಿಗೂ ನಷ್ಟವಿಲ್ಲ.

ಹೊಸ ಪೆಟ್ಟಿಗೆಯೋ, ಲಿನಕ್ಸ್ ಕಂಪ್ಯೂಟರೋ?

ಬೋರ್ಡ್ ಸತ್ತು ಡಿಸ್ಕ್ ಬದುಕಿರುವವರ ನಿಜವಾದ ಆಯ್ಕೆ ಈ ಎರಡರ ನಡುವೆ.

ಹೊಸ ಪೆಟ್ಟಿಗೆಯ ದಾರಿ ಸುಖದ್ದು. ಅದೇ ಕಂಪನಿಯ, ಹೊಂದುವ ಮಾದರಿಯ, ಅಷ್ಟೇ ಅಥವಾ ಹೆಚ್ಚು ಡಿಸ್ಕ್ ಹಿಡಿಯುವ ಪೆಟ್ಟಿಗೆ ತಂದು ಹಳೆಯ ಡಿಸ್ಕ್‌ಗಳನ್ನು ಅದೇ ಕ್ರಮದಲ್ಲಿ ಕೂರಿಸಿದರೆ, ಬೇರೆ ಪೆಟ್ಟಿಗೆಯಿಂದ ಬಂದ ಡಿಸ್ಕ್ ಎಂದು ಅದು ಗುರುತಿಸಿ ವಲಸೆ ಮಾಡಲೇ ಎಂದು ಕೇಳುತ್ತದೆ. ಬಳಕೆದಾರರು, ಹಂಚಿಕೆಯ ಫೋಲ್ಡರುಗಳು, ಅವನ್ನು ತೆರೆಯುವ ಅನುಮತಿಗಳೆಲ್ಲ ಬಹುಪಾಲು ಹಾಗೆಯೇ ಮರಳುತ್ತವೆ. ಹತ್ತು ಜನ ಒಂದೇ ನ್ಯಾಸಿನಿಂದ ಕೆಲಸ ಮಾಡುವ ಪತ್ತಿನ ಸಹಕಾರಿ ಸಂಘಕ್ಕೋ, ಮುದ್ರಣಾಲಯಕ್ಕೋ ಇದೇ ಸರಿ. ಒಂದು ದಿನ ನಿಂತ ಕೆಲಸದ ಬೆಲೆ ಪೆಟ್ಟಿಗೆಯ ಬೆಲೆಯನ್ನು ಮೀರಿಸಬಹುದು. ಆದರೆ ಎರಡು ಕೊರತೆಗಳಿವೆ. ಒಂದು, ವಲಸೆಯಲ್ಲಿ ಹೊಸ ಪೆಟ್ಟಿಗೆ ನಿಮ್ಮ ಡಿಸ್ಕ್ ಮೇಲೆ ಬರೆಯುತ್ತದೆ, ವ್ಯವಸ್ಥೆಯ ವಿಭಾಗವನ್ನು ಹೊಸದಾಗಿಸುತ್ತದೆ. ಇನ್ನೊಂದು, ಕಂಪನಿ ಬದಲಾದರೆ ಇದು ನಡೆಯುವುದಿಲ್ಲ. ಕ್ಯೂನ್ಯಾಪ್ ಡಿಸ್ಕನ್ನು ಸಿನಾಲಜಿಗೆ ಹಾಕಿದರೆ ಅದು ಫಾರ್ಮ್ಯಾಟ್ ಮಾಡಲು ಅನುಮತಿ ಕೇಳುತ್ತದೆಯೇ ಹೊರತು ಫೈಲುಗಳನ್ನು ತೋರಿಸುವುದಿಲ್ಲ.

ಲಿನಕ್ಸ್ ದಾರಿಗೆ ಹೊಸ ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು. ಹೆಚ್ಚಿನ ಮನೆ ಬಳಕೆಯ ನ್ಯಾಸ್‌ಗಳ ಒಳಗಿರುವುದು ಲಿನಕ್ಸೇ. ಡಿಸ್ಕ್‌ಗಳನ್ನು ಒಂದೇ ಡಿಸ್ಕಿನಂತೆ, ಅಂದರೆ ರೇಡ್ ಆಗಿ ಹೆಣೆಯುವುದು ಲಿನಕ್ಸಿನ ಎಂಡಿಆಡಮ್ ಎಂಬ ಉಪಕರಣ, ಅದರ ಮೇಲೆ ಜಾಗ ಹಂಚುವ ಎಲ್‌ವಿಎಂ ಪದರ, ಅದರ ಮೇಲೆ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ. ಸಿನಾಲಜಿ ತನ್ನದೆಂದು ಕರೆಯುವ ಎಸ್‌ಎಚ್‌ಆರ್ ಎಂಬ ರೇಡ್ ಕೂಡ ಎಂಡಿಆಡಮ್, ಎಲ್‌ವಿಎಂ ಎರಡರ ಹೆಣಿಗೆ. ಹೀಗಾಗಿ ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಡಿಸ್ಕ್ ಜೋಡಿಸಿ, ಪೆನ್‌ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ ಎಬ್ಬಿಸಿದರೆ ಅದು ಈ ಡಿಸ್ಕ್‌ಗಳ ಭಾಷೆಯನ್ನು ಓದಬಲ್ಲದು. ಸಿನಾಲಜಿ ಕಂಪನಿ ತಾನೇ ಈ ವಿಧಾನವನ್ನು ತನ್ನ ಸಹಾಯ ಪುಟಗಳಲ್ಲಿ ವಿವರಿಸಿದೆ.

ಪಡಿಯಚ್ಚು ಜೋಡಿಯಾಗಿದ್ದರೆ, ಅಂದರೆ ರೇಡ್ 1 ಆಗಿದ್ದರೆ, ಒಂದೇ ಡಿಸ್ಕ್ ಸಾಕು. ಈ ದಾರಿ ನನಗೆ ಇಷ್ಟವಾಗಲು ಇದೇ ದೊಡ್ಡ ಕಾರಣ: ಒಂದನ್ನು ಕಂಪ್ಯೂಟರಿಗೆ ಜೋಡಿಸಿ, ಇನ್ನೊಂದನ್ನು ಕಪಾಟಿನಲ್ಲಿ ಬೀಗ ಹಾಕಿಡಬಹುದು. ಕೈ ತಪ್ಪಿದರೂ ಕಪಾಟಿನಲ್ಲಿರುವುದು ಮುಟ್ಟದ ಹಾಗೆ ಉಳಿಯುತ್ತದೆ. ಒಂದು ಡಿಸ್ಕ್ ಹೋದರೂ ತಾಳುವ ರೇಡ್ 5 ಆಗಿದ್ದರೆ ನಾಲ್ಕರಲ್ಲಿ ಕನಿಷ್ಠ ಮೂರು ಡಿಸ್ಕ್ ಒಟ್ಟಿಗೆ ಬೇಕು, ಡಿಸ್ಕ್ ಜೋಡಿಸುವ ಅಷ್ಟು ಸಾಟಾ ಪೋರ್ಟುಗಳಿರುವ ಕಂಪ್ಯೂಟರೂ ಬೇಕು.

ಇಲ್ಲಿ ಪಾಲಿಸಲೇಬೇಕಾದ ಕಟ್ಟುಪಾಡುಗಳಿವೆ. ಡಿಸ್ಕ್‌ಗಳ ಹೆಣಿಗೆಯನ್ನು 'ಅಸೆಂಬಲ್' ಆದೇಶದಿಂದ ಓದುವುದಕ್ಕೆ ಮಾತ್ರ ಎಂಬ ರೀತಿಯಲ್ಲಿ ಜೋಡಿಸಿ. ಎಂಡಿಆಡಮ್‌ನ 'ಕ್ರಿಯೇಟ್' ಆದೇಶವನ್ನು ಯಾರೇ ಹೇಳಿಕೊಟ್ಟರೂ ಬಳಸಬೇಡಿ, ಅದು ಹೊಸ ಹೆಣಿಗೆ ಹಾಕಿ ಹಳೆಯ ಗುರುತನ್ನು ಅಳಿಸುತ್ತದೆ. ಮೌಂಟ್ ಮಾಡುವಾಗಲೂ, ಅಂದರೆ ಫೈಲುಗಳು ಕಾಣುವಂತೆ ತೆರೆಯುವಾಗಲೂ, ಓದುವುದಕ್ಕೆ ಮಾತ್ರ. ಇಎಕ್ಸ್‌ಟಿ4 ಆಗಿದ್ದರೆ 'ನೋಲೋಡ್' ಎಂಬ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಜರ್ನಲ್ (ಅರ್ಧಕ್ಕೆ ನಿಂತ ಬರಹಗಳ ದಾಖಲೆ) ಮರುಓದುವ ನೆಪದಲ್ಲಿ ಡಿಸ್ಕ್ ಮೇಲೆ ಬರಹ ನಡೆಯಬಹುದು. ಆಮೇಲೆ ವಿಂಡೋಸ್ ವಿಷಯ. ಈ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ "ಬಳಸುವ ಮುನ್ನ ಫಾರ್ಮ್ಯಾಟ್ ಮಾಡಿ" ಎಂದೋ "ಇನಿಶಿಯಲೈಸ್ ಮಾಡಿ" ಎಂದೋ ನಯವಾಗಿ ಕೇಳುತ್ತದೆ. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಮನೆ ಮುರಿಯುತ್ತದೆ.

ಸಮಯದ ಲೆಕ್ಕವನ್ನೂ ನೋಡಿ. ತುಂಬಿದ 4 ಟಿಬಿ ಡಿಸ್ಕನ್ನು ಸೆಕೆಂಡಿಗೆ 150 ಎಂಬಿ ವೇಗದಲ್ಲಿ ನಕಲಿಸಲು ಏಳೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಅದೇ ಕೆಲಸಕ್ಕೆ ಮೂವತ್ತೆರಡು ಗಂಟೆ. ವೇಗದ ಯುಎಸ್‌ಬಿ 3 ಪೋರ್ಟಿನ ಒಳಗಿನ ನೀಲಿ ಬಣ್ಣ ನೋಡಿ ಸಿಕ್ಕಿಸಿ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಈ ದಾರಿ ಎಲ್ಲರಿಗೂ ತೆರೆಯುವುದಿಲ್ಲ. ಕ್ಯೂನ್ಯಾಪ್‌ನ ಸ್ಟೋರೇಜ್ ಪೂಲ್‌ಗಳು (ಡಿಸ್ಕ್‌ಗಳನ್ನು ಸೇರಿಸಿ ಮಾಡಿದ ಒಟ್ಟು ಜಾಗ) ಕಂಪನಿ ತಾನೇ ತಿದ್ದಿಕೊಂಡ ಎಲ್‌ವಿಎಂ ಬಳಸುತ್ತವೆ. ಸಾಮಾನ್ಯ ಉಬುಂಟು ರೇಡನ್ನು ಜೋಡಿಸಿ, ಅದರ ಮುಂದಿನ ಪದರದಲ್ಲಿ ಗುರುತಿಲ್ಲವೆಂದು ನಿಂತುಬಿಡುತ್ತದೆ. ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಮೈ ಬುಕ್ ಲೈವ್ ಮತ್ತು ಮೊದಲ ತಲೆಮಾರಿನ ಮೈ ಕ್ಲೌಡ್ ಡಿಸ್ಕ್‌ಗಳಲ್ಲಿ ಕಡತ ವ್ಯವಸ್ಥೆಯ ಬ್ಲಾಕ್ ಗಾತ್ರ 64 ಕೆಬಿ. ನಮ್ಮ ಸಾಮಾನ್ಯ ಕಂಪ್ಯೂಟರುಗಳ ಮೆಮೊರಿ ಪುಟದ ಗಾತ್ರ 4 ಕೆಬಿ ಆದ್ದರಿಂದ ನೇರವಾಗಿ ಮೌಂಟ್ ಆಗದೆ ದೋಷ ತೋರಿಸುತ್ತದೆ. ಅದನ್ನು ಕಂಡು ಡಿಸ್ಕ್ ಕೆಟ್ಟಿದೆ ಎಂದು ಎಸೆಯಬೇಡಿ, ಫ್ಯೂಸ್ ಇಎಕ್ಸ್‌ಟಿ2 ಎಂಬ ಉಪಕರಣದಿಂದ ಓದಬಹುದು. ಎನ್‌ಕ್ರಿಪ್ಟ್ ಮಾಡಿದ ಫೋಲ್ಡರಿದ್ದರೆ ಕೀಲಿ ಬೇಕೇ ಬೇಕು. ಕೀಲಿಯ ಫೈಲನ್ನು ಅದೇ ನ್ಯಾಸಿನೊಳಗೆ ಮಾತ್ರ ಇಟ್ಟಿದ್ದವರಿಗೆ ನಾನೂ ಏನೂ ಮಾಡಲಾರೆ, ಆ ಮಾತು ಹೇಳುವಾಗ ನಿಜವಾಗಿಯೂ ಸಂಕಟವಾಗುತ್ತದೆ.

ಎರಡರಲ್ಲಿ ಯಾವುದು ಎಂದರೆ, ಡೇಟಾದ ಇನ್ನೊಂದು ಪ್ರತಿ ಇಲ್ಲದವರಿಗೆ ನನ್ನ ಉತ್ತರ: ಎರಡೂ, ಈ ಕ್ರಮದಲ್ಲಿ. ಮೊದಲು ಲಿನಕ್ಸಿನಲ್ಲಿ ಓದಿ ಹೊರ ಡಿಸ್ಕಿಗೆ ನಕಲಿಸಿ, ಬಳಿಕ ಹೊಸ ಪೆಟ್ಟಿಗೆಯಲ್ಲಿ ವಲಸೆ. ಹೊಸ ಪೆಟ್ಟಿಗೆ ಬರಲು ಹೇಗೂ ನಾಲ್ಕಾರು ದಿನ ಹಿಡಿಯುತ್ತದೆ, ಆ ಕಾಯುವ ಹೊತ್ತು ನಕಲಿಗೆ ಸಲ್ಲುತ್ತದೆ.

ಕೊಳ್ಳುವ ತಂತ್ರಾಂಶ

ಲಿನಕ್ಸ್ ಪರದೆ ಕಂಡರೆ ಅಂಜುವವರಿಗೆ, ಕ್ಯೂನ್ಯಾಪ್‌ನವರಿಗೆ, ಹಾಗೂ ಕಡತ ವ್ಯವಸ್ಥೆ ಜಖಂ ಆದವರಿಗೆ ಯುಎಫ್‌ಎಸ್ ಎಕ್ಸ್‌ಪ್ಲೋರರ್, ಆರ್‌-ಸ್ಟುಡಿಯೊ, ರಿಕ್ಲೈಮಿ ಮೊದಲಾದವು ಇವೆ. ವಿಂಡೋಸಿನಲ್ಲೇ ನಡೆಯುತ್ತವೆ, ರೇಡ್ ಹೆಣಿಗೆಯನ್ನು ತಾವೇ ಪತ್ತೆ ಹಚ್ಚುತ್ತವೆ, ಮೂಲ ಡಿಸ್ಕ್ ಮೇಲೆ ಬರೆಯುವುದಿಲ್ಲ. ಪರೀಕ್ಷಾ ಆವೃತ್ತಿಯಲ್ಲಿಯೇ ಫೈಲುಗಳ ಪಟ್ಟಿ ಕಾಣುತ್ತದೆ. ನಿಮ್ಮ ಫೋಲ್ಡರಿನ ಹೆಸರು ಕಂಡು, ಒಂದೆರಡು ಫೋಟೊ ತೆರೆದು ನೋಡಿದ ಮೇಲೆ ಹಣ ಕೊಡಿ. ಕದ್ದ ಆವೃತ್ತಿಯನ್ನು ಇಂಥ ಹೊತ್ತಿನಲ್ಲಿ ಕಂಪ್ಯೂಟರಿಗೆ ಹಾಕುವುದು ಬೇಡ. ಮನೆಗೆ ಬೆಂಕಿ ಬಿದ್ದಾಗ ಕಳ್ಳನಿಗೆ ಕೀಲಿ ಕೊಟ್ಟ ಹಾಗೆ.

ಬೋರ್ಡ್ ರಿಪೇರಿ

ಕೆಲವು ಪೆಟ್ಟಿಗೆಗಳ ಸಾವಿಗೆ ಸಿಡಿಲೂ ಅಲ್ಲ, ಧೂಳೂ ಅಲ್ಲ, ಹುಟ್ಟಿನಿಂದ ಬಂದ ದೋಷವೇ ಕಾರಣ. ಇಂಟೆಲ್‌ನ ಆಟಮ್ ಸಿ2000 ಸರಣಿಯ ಪ್ರೊಸೆಸರುಗಳಲ್ಲಿ ಗಡಿಯಾರದ ಸಂಕೇತ ಹೊರಡಿಸುವ ಭಾಗ ಕಾಲಕ್ರಮೇಣ ಸೊರಗುತ್ತದೆ, ಕೊನೆಗೆ ಬೋರ್ಡ್ ಏಳುವುದೇ ಇಲ್ಲ. 2017ರ ಆರಂಭದಲ್ಲಿ ಇದು ಬಹಿರಂಗವಾಯಿತು. ಸಿನಾಲಜಿಯ ಡಿಎಸ್415 ಪ್ಲಸ್, ಡಿಎಸ್1515 ಪ್ಲಸ್, ಡಿಎಸ್1815 ಪ್ಲಸ್ ಮಾದರಿಗಳಲ್ಲಿ ಇದೇ ಪ್ರೊಸೆಸರ್. ನಿಂತ ಬೋರ್ಡಿಗೆ ಸರಿಯಾದ ಜಾಗದಲ್ಲಿ 100 ಓಮ್‌ನ ಒಂದು ರೆಸಿಸ್ಟರ್ ಬೆಸೆದು ಹಲವರು ಎಬ್ಬಿಸಿದ್ದಾರೆ. ಬೆರಳ ತುದಿಯಲ್ಲಿ ನಿಲ್ಲುವ, ಚಹಾ ಕುಡಿಯುವ ಖರ್ಚೂ ಬೀಳದ ಒಂದು ಬಿಡಿಭಾಗ.

ಚಿಪ್ ಮಟ್ಟದ ಕೆಲಸ ಬಲ್ಲ ಲ್ಯಾಪ್‌ಟಾಪ್ ರಿಪೇರಿಯವರು ಬೆಳಗಾವಿಯಲ್ಲೂ ಹುಬ್ಬಳ್ಳಿಯಲ್ಲೂ ಇದ್ದಾರೆ. ಅವರ ಕೌಶಲದ ಮೇಲೆ ನನಗೆ ಗೌರವವಿದೆ. ಆದರೂ ರಿಪೇರಿಯನ್ನು ನಾನು ಎರಡನೆಯ ಸಾಲಿನಲ್ಲಿಡುತ್ತೇನೆ. ಎಬ್ಬಿಸಿದ ಬೋರ್ಡ್ ಎಷ್ಟು ದಿನ ನಿಂತೀತು ಎಂದು ಯಾರೂ ಹೇಳಲಾರರು. ಅದನ್ನು ಡೇಟಾ ಹೊರತೆಗೆಯುವಷ್ಟು ಕಾಲ ಬಳಸಿ, ಮುಂದೆ ಎರಡನೇ ಪ್ರತಿ ಇಡುವ ಪೆಟ್ಟಿಗೆ ಮಾಡಿಕೊಳ್ಳಿ. ರಿಪೇರಿಗೆ ಕೊಡುವಾಗ ಖಾಲಿ ಪೆಟ್ಟಿಗೆಯನ್ನು ಮಾತ್ರ ಕೊಡಿ, ಡಿಸ್ಕ್‌ಗಳು ಮನೆಯಲ್ಲಿರಲಿ. ಹಿಂದೊಮ್ಮೆ ಒಬ್ಬ ಗಿರಾಕಿ ಡಿಸ್ಕ್ ಸಮೇತ ಒಂದು ಅಂಗಡಿಗೆ ಕೊಟ್ಟಿದ್ದರು. ಪೆಟ್ಟಿಗೆ ಚೆನ್ನಾಗಿಯೇ ಎದ್ದು ಬಂತು, ಡಿಸ್ಕ್‌ಗಳು "ಟೆಸ್ಟ್ ಮಾಡಲು" ಫಾರ್ಮ್ಯಾಟ್ ಆಗಿದ್ದವು. ರಿಪೇರಿ ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರ ಪಾಲಿಗೆ ಕೆಲಸವೆಂದರೆ ಪೆಟ್ಟಿಗೆ ಏಳುವುದು, ಅಷ್ಟೇ.

ಡಿಸ್ಕೇ ನರಳುತ್ತಿದ್ದರೆ

ಈವರೆಗಿನದೆಲ್ಲ ಡಿಸ್ಕ್ ಗಟ್ಟಿಯಾಗಿದೆ ಎಂಬ ನಂಬಿಕೆಯ ಮೇಲೆ. ಅದನ್ನು ಪರೀಕ್ಷಿಸಬೇಕು. ಕಂಪ್ಯೂಟರಿಗೆ ಜೋಡಿಸಿದ ಮೇಲೆ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ) 5, 197, 198ನೇ ಸಾಲುಗಳನ್ನು ನೋಡಿ. ಅವು ಕೆಟ್ಟು ಬದಲಾದ, ಬದಲಾಗಲು ಕಾದಿರುವ, ಓದಲಾಗದ ಸೆಕ್ಟರುಗಳ ಎಣಿಕೆ. ಸೊನ್ನೆ ಇದ್ದರೆ ಒಳ್ಳೆಯ ಸೂಚನೆ. ಸಂಖ್ಯೆಗಳು ಏರಿದ್ದರೆ ಫೈಲುಗಳನ್ನು ಒಂದೊಂದಾಗಿ ಎಳೆಯಲು ಹೋಗಬೇಡಿ. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಅಷ್ಟೇ ದೊಡ್ಡ ಹೊಸ ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಿ. ಅದು ಮೊದಲು ಸುಲಭವಾಗಿ ಓದುವ ಭಾಗಗಳನ್ನು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂದು ನಕ್ಷೆಯ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಬಳಲಿದ ಎತ್ತನ್ನು ಏರಿಗೆ ಹೂಡುವುದಿಲ್ಲವಲ್ಲ, ಹಾಗೆ.

ಡಿಸ್ಕ್ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ, ತಿರುಗುವ ಸದ್ದೇ ಇಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ, ಕೆಳಗೆ ಬಿದ್ದಿದ್ದರೆ, ಅಲ್ಲಿಗೆ ಮನೆಯ ವಿದ್ಯೆ ಮುಗಿಯಿತು. ಕರೆಂಟು ತೆಗೆಯಿರಿ. ಫ್ರಿಜ್ಜಿನಲ್ಲಿಡುವ, ಮುಚ್ಚಳ ಬಿಚ್ಚುವ ಸಲಹೆಗಳಿಗೆ ಕಿವಿಗೊಡಬೇಡಿ. ಅದರೊಳಗಿನ ತಟ್ಟೆಗೂ ಓದುವ ತಲೆಗೂ ನಡುವೆ ಇರುವ ಅಂತರದಲ್ಲಿ ಧೂಳಿನ ಒಂದು ಕಣವೂ ಹಿಡಿಸದು. ನಮ್ಮ ಬೇಸಿಗೆಯ ಗಾಳಿಯಲ್ಲಿ ಅದನ್ನು ಬಿಚ್ಚುವುದೆಂದರೆ ಮುಗಿಸಿದಂತೆಯೇ. ಧೂಳುರಹಿತ ಕೋಣೆಯಿರುವ ಪ್ರಯೋಗಾಲಯಗಳು ಬೆಂಗಳೂರು, ಪುಣೆ, ಮುಂಬೈಗಳಲ್ಲಿವೆ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ವಿಜಯಪುರ, ಬಾಗಲಕೋಟೆಯವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಕಳೆದು ಬೆಂಗಳೂರು ತಲುಪಬಹುದು. ಸಾಧ್ಯವಾದರೆ ಕೊರಿಯರಿಗೆ ಕೊಡದೆ ಡಿಸ್ಕ್‌ಗಳನ್ನು ಸ್ಥಿರವಿದ್ಯುತ್ ನಿರೋಧಕ ಚೀಲದಲ್ಲಿ ಹಾಕಿ, ಸ್ಪಂಜು ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಒಯ್ಯಿರಿ. ರೇಡ್ ಆಗಿದ್ದರೆ ಕೆಟ್ಟದ್ದೊಂದನ್ನೇ ಅಲ್ಲ, ಎಲ್ಲ ಡಿಸ್ಕ್‌ಗಳನ್ನೂ ಕ್ರಮಸಂಖ್ಯೆಯೊಂದಿಗೆ ಒಯ್ಯಬೇಕು. ಡೇಟಾ ಸಿಗದಿದ್ದರೆ ಶುಲ್ಕವೆಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಎಲ್ಲಕ್ಕಿಂತ ದುಬಾರಿ ದಾರಿ ಇದು. ಆದರೆ ಇಲ್ಲಿಗೆ ಬರಬೇಕಾದ ಡಿಸ್ಕನ್ನು ಉಳಿದ ದಾರಿಗಳಲ್ಲಿ ಸುತ್ತಾಡಿಸಿದಷ್ಟೂ ಇಲ್ಲಿ ಸಿಗುವುದು ಕಡಿಮೆಯಾಗುತ್ತದೆ.

ಸ್ಟುಡಿಯೊದ ಡಿಸ್ಕ್‌ಗಳು

ಆ ಏಪ್ರಿಲ್ ಬೆಳಿಗ್ಗೆ ನಾನು ಹೋದೊಡನೆ ಮಾಲೀಕರನ್ನು ಕೇಳಿದ ಮೊದಲ ಪ್ರಶ್ನೆ, ಕ್ಯಾಮೆರಾದ ಕಾರ್ಡುಗಳು ಎಲ್ಲಿ ಎಂದು. ಕೊನೆಯ ಎರಡು ಮದುವೆಗಳು ಇನ್ನೂ ಕಾರ್ಡಿನಲ್ಲೇ ಇದ್ದವು. ಅವನ್ನು ಒಂದು ಲಕೋಟೆಗೆ ಹಾಕಿ "ಅಳಿಸಬಾರದು" ಎಂದು ಬರೆಸಿದೆ. ಬೇರೆ ಅಡಾಪ್ಟರ್ ಹಚ್ಚಿದೆ, ಅದೇ ಮಿಣುಕು. ಡಿಸ್ಕ್ ತೆಗೆದು ಹಚ್ಚಿದೆ, ಅದೇ ಮಿಣುಕು. ಬೋರ್ಡ್ ಹೋಗಿತ್ತು.

ಎರಡನೇ ಡಿಸ್ಕನ್ನು ಚೀಲಕ್ಕೆ ಹಾಕಿ ಮಾಲೀಕರ ಕಪಾಟಿನಲ್ಲಿ ಇಡಿಸಿ ಕೀಲಿಯನ್ನು ಅವರ ಕೈಗೇ ಕೊಟ್ಟೆ. ಆಲ್ಬಮ್ ವಿನ್ಯಾಸದ ಡೆಸ್ಕ್‌ಟಾಪ್ ಬಿಚ್ಚಿ, ಅದರ ಸ್ವಂತ ಡಿಸ್ಕಿನ ಕೇಬಲ್ ಕಳಚಿ, ಅಲ್ಲಿಗೆ ಒಂದನೇ ಡಿಸ್ಕ್ ಜೋಡಿಸಿದೆ. ಉಬುಂಟು ಎದ್ದಿತು. ಸ್ಮಾರ್ಟ್ ವರದಿಯ ಮೂರೂ ಸಾಲು ಸೊನ್ನೆ. ಮೂರನೇ ವಿಭಾಗ ಓದುವುದಕ್ಕೆ ಮಾತ್ರ ಎಂದು ತೆರೆಯಿತು. ಮದುವೆಗಳಿಗೆ ಕೈ ಹಚ್ಚದೆ ಮೊದಲು 'ಹಳೇ ಊರು' ಫೋಲ್ಡರನ್ನೇ ಒಂದರ ಹಿಂದೆ ಒಂದು ಎರಡು ಹೊರ ಡಿಸ್ಕ್‌ಗಳಿಗೆ ನಕಲಿಸಲು ಹಚ್ಚಿದೆ.

ನಕಲಾದ ಮೊದಲ ಫೋಟೊ ತೆರೆದು ನೋಡುವಾಗ ಮಾಲೀಕರ ತಾಯಿ ಮೇಲಿನ ಮನೆಯಿಂದ ಇಳಿದು ಬಂದು ಹಿಂದೆ ನಿಂತಿದ್ದರು. ಪರದೆಯ ಮೇಲೆ ಹೋಳಿಯ ಬಂಡಿ, ಬಣ್ಣದಲ್ಲಿ ಮಿಂದ ಹುಡುಗರು, ಹಿಂದೆ ಕಟ್ಟಿಗೆಯ ಕಂಬಗಳ ಒಂದು ಪಡಸಾಲೆ. "ಆ ಕಂಬದ ಹತ್ತಿರ ನಿಂತವಳು ನಮ್ಮ ನಾದಿನಿ" ಎಂದರು. ಮಾಲೀಕರು ಬಿಲ್ ಪುಸ್ತಕದ ಹಿಂಬದಿಯಲ್ಲಿ ಫೋಟೊದ ಸಂಖ್ಯೆ ಹಾಕಿ ಹೆಸರು ಬರೆದುಕೊಂಡರು. ಮುಂದಿನದು ತೆರೆದೆ, ಅದರಲ್ಲಿಯೂ ಅಮ್ಮನಿಗೆ ಮೂವರ ಗುರುತು ಹತ್ತಿತು. ಸಂಜೆ ನಕಲು ಮುಗಿಯುವ ಹೊತ್ತಿಗೆ ಬಿಲ್ ಪುಸ್ತಕದ ಹನ್ನೊಂದು ಹಾಳೆಗಳ ತುಂಬ ಹೆಸರುಗಳಿದ್ದವು.